ಲ್ಯೂವೆನ್ ಕ್ಯಾಥೊಲಿಕ್ ವಿಶ್ವವಿದ್ಯಾಲಯ

ಬೆಲ್ಜಿಯಮ್ಮಿನ ರಾಜಧಾನಿ ಬ್ರಸೆಲ್ಸ್‌ನ ಪೂರ್ವಕ್ಕಿರುವ ಲ್ಯೂವೆನ್ ಪಟ್ಟಣದ ವಿಶ್ವವಿದ್ಯಾಲಯ. ಪೋಪ್ ಐದನೆಯ ಮಾರ್ಟಿನ್ 1425ರ ಡಿಸೆಂಬರ್ 9ರಂದು ಹೊರಡಿಸಿದ ಆಜ್ಞಾಪತ್ರದಿಂದ ಹುಟ್ಟಿತು. ಕ್ಯಾಥೊಲಿಕ್ ವಿದ್ಯಾಸಂಸ್ಥೆಯ ಚರಿತ್ರೆಯೆಂದರೆ ಧರ್ಮಕ್ಕೂ ವಿಜ್ಞಾನಕ್ಕೂ ನಡೆದ ಜಗಳವೇ ಇರಬೇಕೆಂದು ಊಹಿಸುವವರಿಗೆ ಇಲ್ಲಿ ನಿರಾಸೆ ಕಾದಿದೆ. ಲ್ಯೂವೆನ್ನನ್ನು ಕೊನೆಗೆ ಎರಡು ಹೋಳು ಮಾಡಿದ್ದು ಭಾಷೆ.

ಮೊದಲ ಶತಮಾನದಲ್ಲಿ ವಿದ್ಯಾರ್ಥಿಗಳು ನಾಲ್ಕು ವಸತಿಶಾಲೆಗಳಲ್ಲಿ ಉಂಡು, ಮಲಗಿ, ಅಲ್ಲೇ ಪಾಠ ಕೇಳುತ್ತಿದ್ದರು. ಅವುಗಳ ಹೆಸರು ಲಿಲಿ, ಗಿಡುಗ, ಕೋಟೆ ಮತ್ತು ಹಂದಿ. ಮಾನವತಾವಾದಿ ಎರಾಸ್ಮಸ್ ಇಲ್ಲಿ ನೆಲೆಸಿದ್ದಾಗ, 1517ರಲ್ಲಿ, ಲ್ಯಾಟಿನ್, ಗ್ರೀಕ್, ಹೀಬ್ರೂ ಕಲಿಸುವ ತ್ರಿಭಾಷಾ ಕಾಲೇಜು ತಲೆಯೆತ್ತಿತು. ಧರ್ಮಗ್ರಂಥವನ್ನು ಮೂಲಭಾಷೆಯಲ್ಲೇ ಓದಬೇಕೆಂಬ ಈ ಹಟ ದೈವಶಾಸ್ತ್ರದ ಹಿರಿಯ ಪಂಡಿತರಿಗೆ ಹಿಡಿಸಲಿಲ್ಲ. ನಕ್ಷೆಗಾರ ಮರ್ಕೇಟರ್, ಅಂಗರಚನಾಶಾಸ್ತ್ರಜ್ಞ ವೆಸೇಲಿಯಸ್ ಇಬ್ಬರೂ ಇಲ್ಲಿ ಓದಿದವರು. ತ್ರಿಕೋನಗಳ ಜಾಲ ಹೆಣೆದು ಭೂಮಿಯನ್ನು ಅಳೆಯುವ ವಿಧಾನವನ್ನು 1533ರಲ್ಲಿ ಮುದ್ರಿಸಿದ ಗೆಮ್ಮಾ ಫ್ರಿಸಿಯಸ್ ಇಲ್ಲಿನ ಅಧ್ಯಾಪಕ. ಭಾರತದ ಮಹಾ ತ್ರಿಕೋನಮಿತಿ ಸರ್ವೇಕ್ಷಣೆಯವರು ಬೆಂಗಳೂರಿನ ಬಳಿ ಆಧಾರರೇಖೆ ಎಳೆದದ್ದು ಅದೇ ತತ್ವದ ಮೇಲೆ.

ಫ್ರೆಂಚ್ ಆಡಳಿತ 1797ರಲ್ಲಿ ವಿಶ್ವವಿದ್ಯಾಲಯವನ್ನು ಮುಚ್ಚಿಸಿತು. ಬೆಲ್ಜಿಯಮ್ ಸ್ವತಂತ್ರವಾದ ಮೇಲೆ ಅಲ್ಲಿನ ಬಿಷಪ್ಪರು 1834ರಲ್ಲಿ ಮೆಕೆಲೆನ್ ಊರಿನಲ್ಲಿ ಹೊಸ ಕ್ಯಾಥೊಲಿಕ್ ವಿಶ್ವವಿದ್ಯಾಲಯ ತೆರೆದು, ಮರುವರ್ಷವೇ ಅದನ್ನು ಲ್ಯೂವೆನ್ನಿಗೆ ತಂದರು. ಹೀಗಾಗಿ ಆರುನೂರು ವರ್ಷಗಳ ಅಖಂಡ ಪರಂಪರೆ ಎಂಬ ಮಾತನ್ನು ಸ್ವಲ್ಪ ರಿಯಾಯಿತಿ ಕೊಟ್ಟೇ ಒಪ್ಪಬೇಕು.

ಗ್ರಂಥಾಲಯದ ಪಾಡು ಬೇರೆಯೇ. 1914ರ ಆಗಸ್ಟ್ 25ರ ರಾತ್ರಿ ಜರ್ಮನ್ ಸೈನಿಕರು ಪಟ್ಟಣಕ್ಕೆ ಬೆಂಕಿಯಿಟ್ಟಾಗ ಲಕ್ಷಾಂತರ ಪುಸ್ತಕಗಳೂ ಸುಮಾರು ಒಂದು ಸಾವಿರ ಹಸ್ತಪ್ರತಿಗಳೂ ಬೂದಿಯಾದವು. ಜರ್ಮನಿ ಪುಸ್ತಕಗಳನ್ನು ಪುಸ್ತಕಗಳಿಂದಲೇ ತುಂಬಿಕೊಡಬೇಕೆಂದು ವರ್ಸೇಲ್ಸ್ ಒಪ್ಪಂದದಲ್ಲೇ ಒಂದು ವಿಧಿ ಸೇರಿತು. ಅಮೆರಿಕದ ದೇಣಿಗೆಯಿಂದ ಹೊಸ ಕಟ್ಟಡ 1928ರಲ್ಲಿ ತೆರೆಯಿತು. ವಾಸ್ತುಶಿಲ್ಪಿ ವಿಟ್ನಿ ವಾರನ್ ಜರ್ಮನರ ಉನ್ಮಾದವನ್ನು ಹಳಿಯುವ ಲ್ಯಾಟಿನ್ ಸಾಲೊಂದನ್ನು ಕಲ್ಲಿನ ಕಟಾಂಜನದಲ್ಲಿ ಕೆತ್ತಿಸಲು ಹೊರಟಿದ್ದ. ರೆಕ್ಟರ್ ಲಾದ್ಯೂಜ್ ಒಪ್ಪಲಿಲ್ಲ. ವಿದ್ಯೆಯ ಮನೆಯ ಮೇಲೆ ಹಗೆಯ ಬರಹ ಬೇಡವೆಂಬ ಅವರ ನಿಲುವು ಆ ದಿನಗಳಲ್ಲಿ ಧೈರ್ಯದ್ದೇ. 1940ರ ಮೇ ತಿಂಗಳಲ್ಲಿ ಆ ಕಟ್ಟಡಕ್ಕೂ ಬೆಂಕಿ ಬಿದ್ದು ಸುಮಾರು ಒಂಬತ್ತು ಲಕ್ಷ ಸಂಪುಟಗಳು ಸುಟ್ಟವು.

ಇಪ್ಪತ್ತನೆಯ ಶತಮಾನದ ಸಂಶೋಧಕರಲ್ಲಿ ಮೊದಲು ಹೇಳಬೇಕಾದ ಹೆಸರು ಪಾದ್ರಿ ಜಾರ್ಜ್ ಲೆಮೇತ್ರ ಅವರದು. ವಿಶ್ವ ಹಿಗ್ಗುತ್ತಿದೆ, ದೂರ ಹೆಚ್ಚಿದಷ್ಟೂ ನೀಹಾರಿಕೆಗಳು ಹೆಚ್ಚು ವೇಗವಾಗಿ ದೂರ ಸರಿಯುತ್ತವೆ ಎಂದು ಅವರು 1927ರಲ್ಲಿ, ಹಬಲ್‌ನ ಪ್ರಸಿದ್ಧ ಲೇಖನಕ್ಕೂ ಎರಡು ವರ್ಷ ಮೊದಲು, ಫ್ರೆಂಚ್‌ನಲ್ಲಿ ಬರೆದರು. ಓದಿದವರು ಕಡಿಮೆ. 1931ರಲ್ಲಿ ‘ಆದಿ ಪರಮಾಣು’ವಿನ ಊಹೆ ಮುಂದಿಟ್ಟರು, ಮುಂದೆ ಮಹಾಸ್ಫೋಟವೆಂದು ಹೆಸರಾದ ಸಿದ್ಧಾಂತದ ಬೀಜ ಅದು. ಪೋಪ್ ಹನ್ನೆರಡನೆಯ ಪಯಸ್ 1951ರಲ್ಲಿ ಇದರಲ್ಲಿ ಸೃಷ್ಟಿಕರ್ತನಿಗೆ ಪುರಾವೆ ಕಂಡಾಗ ಕಸಿವಿಸಿಗೊಂಡವರು ಸ್ವತಃ ಲೆಮೇತ್ರ. ಭೌತಶಾಸ್ತ್ರದ ಊಹೆಗೆ ಬೈಬಲ್ಲಿನ ಆಸರೆ ಬೇಕಿಲ್ಲ, ಬೈಬಲ್ಲಿಗೂ ಅದರ ಆಸರೆ ಬೇಕಿಲ್ಲವೆಂಬುದು ಅವರ ಪಕ್ಕಾ ನಿಲುವು.

ಆದರೆ ಇದೇ ಲೆಮೇತ್ರ ಭಾಷೆಯ ವಿಷಯದಲ್ಲಿ ತಟಸ್ಥರಾಗಿರಲಿಲ್ಲ. ಲ್ಯೂವೆನ್ ಇರುವುದು ಡಚ್ ಮಾತಾಡುವ ಫ್ಲ್ಯಾಂಡರ್ಸ್ ನಾಡಿನಲ್ಲಿ; ಪಾಠಗಳು ಬಹುಕಾಲ ನಡೆದದ್ದು ಗಣ್ಯರ ಭಾಷೆಯಾದ ಫ್ರೆಂಚ್‌ನಲ್ಲಿ. ರೈತನ ಮಗ ವಿಶ್ವವಿದ್ಯಾಲಯದ ಮೆಟ್ಟಿಲು ಹತ್ತಿದರೆ ಮನೆಮಾತನ್ನು ಹೊರಗೆ ಬಿಟ್ಟು ಬರಬೇಕಿತ್ತು. 1930ರ ದಶಕದ ಹೊತ್ತಿಗೆ ಎರಡೂ ಭಾಷೆಗಳಲ್ಲಿ ಪಾಠಗಳು ಸಿಕ್ಕರೂ ಅಸಮಾಧಾನ ಆರಲಿಲ್ಲ. ಫ್ರೆಂಚ್ ವಿಭಾಗವನ್ನು ಫ್ರೆಂಚ್ ಮಾತಾಡುವ ವಾಲೂನ್ ಪ್ರದೇಶಕ್ಕೆ ಕಳಿಸಿ ಎಂಬ ಕೂಗೆದ್ದಾಗ, 1960ರ ದಶಕದ ಆರಂಭದಲ್ಲಿ ಫ್ರೆಂಚ್ ಅಧ್ಯಾಪಕರ ಪ್ರತಿರೋಧ ಸಂಘದ ಮುಂದಾಳಾದವರು ಲೆಮೇತ್ರ. 1966ರ ಮೇ ತಿಂಗಳಲ್ಲಿ ವಿಶ್ವವಿದ್ಯಾಲಯ ಒಂದೇ ಆಗಿರಬೇಕೆಂದು ಬಿಷಪ್ಪರು ಅಪ್ಪಣೆ ಕೊಡಿಸಿದರು. ಕ್ಯಾಥೊಲಿಕ್ ವಿದ್ಯಾರ್ಥಿಗಳೇ ಬಿಷಪ್ಪರ ವಿರುದ್ಧ ಬೀದಿಗಿಳಿದರು. 1968ರ ಫೆಬ್ರವರಿಯಲ್ಲಿ ಈ ಪ್ರಶ್ನೆಯ ಮೇಲೆ ದೇಶದ ಸರ್ಕಾರವೇ ಉರುಳಿತು. ಡಚ್ ವಿಭಾಗ ಲ್ಯೂವೆನ್ನಿನಲ್ಲಿ ಉಳಿಯಿತು. ಫ್ರೆಂಚ್ ವಿಭಾಗಕ್ಕಾಗಿ ಹೊಲಗಳ ನಡುವೆ ಲೂವ್ಯಾಂ-ಲಾ-ನೊವ್ ಎಂಬ ಹೊಸ ಊರನ್ನೇ ಕಟ್ಟಲಾಯಿತು, ಶಂಕುಸ್ಥಾಪನೆ 1971ರಲ್ಲಿ. ಎರಡು ಬೆಂಕಿ ಕಂಡ ಗ್ರಂಥಾಲಯವನ್ನೂ ಪಾಲು ಮಾಡಿದರು: ಕ್ರಮಸಂಖ್ಯೆ ಸಮವಾದರೆ ಒಬ್ಬರಿಗೆ, ಬೆಸವಾದರೆ ಇನ್ನೊಬ್ಬರಿಗೆ. ಅಣ್ಣತಮ್ಮಂದಿರ ಆಸ್ತಿಪಾಲಿನಲ್ಲೂ ಇಷ್ಟು ಕುರುಡು ಲೆಕ್ಕ ಅಪರೂಪ.

ಈ ಕಿಚ್ಚಿನ ಒಂದು ಕಿಡಿ ಭಾರತಕ್ಕೂ ಬಂತು. ಲ್ಯೂವೆನ್ನಿನಲ್ಲಿ ಎಂಜಿನಿಯರಿಂಗ್ ಓದುವಾಗ ಫ್ಲೆಮಿಶ್ ಚಳವಳಿಯಲ್ಲಿದ್ದ ಕಾಮಿಲ್ ಬುಲ್ಕೆ ಜೆಸುಯಿಟ್ ಆಗಿ 1935ರಲ್ಲಿ ಇಲ್ಲಿಗೆ ಬಂದರು. ಓದಿದವರು ತಾಯ್ನುಡಿಯನ್ನು ಬಿಟ್ಟು ಇಂಗ್ಲಿಷಿಗೆ ಜೋತುಬಿದ್ದದ್ದು ಅವರಿಗೆ ಅಪರಿಚಿತ ದೃಶ್ಯವೇನಾಗಿರಲಿಲ್ಲ. ಅಲಹಾಬಾದಿನಲ್ಲಿ ಹಿಂದಿಯಲ್ಲೇ ಬರೆದ ಅವರ ಸಂಶೋಧನ ಪ್ರಬಂಧ ‘ರಾಮಕಥಾ’ ಭಾರತೀಯ ಭಾಷೆಗಳ ರಾಮಾಯಣಗಳನ್ನೆಲ್ಲ ಅರಸುತ್ತ ಕನ್ನಡದ ಪಂಪರಾಮಾಯಣ, ತೊರವೆ ರಾಮಾಯಣಗಳಿಗೂ ಬರುತ್ತದೆ.

ಒಡಕಿನಿಂದ ಸಂಶೋಧನೆ ಸೊರಗಲಿಲ್ಲ. ಜೀವಕೋಶದೊಳಗಿನ ಲೈಸೊಸೋಮ್‌ಗಳನ್ನು 1955ರಲ್ಲಿ ಗುರುತಿಸಿದ ಕ್ರಿಸ್ತಿಯಾನ್ ದ ದ್ಯೂವ್ ಫ್ರೆಂಚ್ ವಿಭಾಗಕ್ಕೆ ಸೇರಿದವರು. ಅವರಿಗೆ 1974ರ ನೊಬೆಲ್‌ನಲ್ಲಿ ಪಾಲು ಬಂತು. ಡಚ್ ವಿಭಾಗದ ರೇಗಾ ಸಂಸ್ಥೆಯಲ್ಲಿ ಎರಿಕ್ ದ ಕ್ಲೆರ್ಕ್, ಪ್ರಾಗ್‌ನ ರಸಾಯನಶಾಸ್ತ್ರಜ್ಞ ಆಂತೊನಿನ್ ಹೋಲಿಯವರೊಂದಿಗೆ ಟೆನೊಫೊವಿರ್ ಔಷಧಿಗೆ ದಾರಿ ಮಾಡಿದರು. ಕರ್ನಾಟಕದ ಸರ್ಕಾರಿ ಎಆರ್‌ಟಿ ಕೇಂದ್ರಗಳಲ್ಲಿ ಎಚ್‌ಐವಿ ಸೋಂಕಿತರಿಗೆ ಕೊಡುವ ಮಾತ್ರೆಯಲ್ಲಿ ಇರುವುದು ಇದೇ.

ಈ ವಿಶ್ವವಿದ್ಯಾಲಯಕ್ಕೆ ಸುತ್ತುಗೋಡೆಯಿಲ್ಲ, ಊರೇ ಆವರಣ. ವಿದ್ಯಾರ್ಥಿಗಳು ‘ಕೋಟ್’ ಎನ್ನುವ ಬಾಡಿಗೆ ಕೋಣೆಗಳಲ್ಲಿ ಇದ್ದು, ಸೈಕಲ್ ಮೇಲೆ ತರಗತಿಯಿಂದ ತರಗತಿಗೆ ಓಡುತ್ತಾರೆ. ಶುಕ್ರವಾರ ಸಂಜೆ ಮೈಲಿಗೆ ಬಟ್ಟೆಯ ಚೀಲ ಎಳೆದುಕೊಂಡು ರೈಲು ಹತ್ತಿ, ಭಾನುವಾರ ಅಮ್ಮನ ಅಡುಗೆಯ ಡಬ್ಬಿಗಳೊಂದಿಗೆ ಮರಳುವುದು ಇಲ್ಲಿನ ವಾರದ ಲಯ. ಸಂಘಗಳು ನಡೆಸುವ ‘ಕ್ಯಾಂಟಸ್’ ಕೂಟಗಳಲ್ಲಿ ಬಿಯರ್ ಕುಡಿಯುತ್ತ ಹಾಡುವುದಕ್ಕೂ ಕಟ್ಟುನಿಟ್ಟಾದ ನಿಯಮಗಳಿವೆ. ಬೆಗೀನ್ ಭಕ್ತೆಯರು ವಾಸವಿದ್ದ ಹಳೆಯ ಇಟ್ಟಿಗೆ ಮನೆಗಳ ಕೇರಿಯನ್ನು ವಿಶ್ವವಿದ್ಯಾಲಯ 1962ರಲ್ಲಿ ಕೊಂಡು ದುರಸ್ತಿ ಮಾಡಿಸಿತು. ಈಗ ಅಲ್ಲಿ ವಿದ್ಯಾರ್ಥಿಗಳೂ ಅತಿಥಿ ಸಂಶೋಧಕರೂ ಇರುತ್ತಾರೆ.

ಪೋಪ್ ಎರಡನೆಯ ಜಾನ್ ಪಾಲ್ 1985ರ ಮೇ ತಿಂಗಳಲ್ಲಿ ಭೇಟಿಯಿತ್ತಾಗ, ರೇಗಾ ಸಂಸ್ಥೆಯನ್ನು ಕಟ್ಟಿದ್ದ ರೆಕ್ಟರ್ ಪೀಟ್ ದ ಸೋಮರ್ ಪೋಪರ ಎದುರೇ ಸಂಶೋಧಕನಿಗೆ ತಪ್ಪು ಮಾಡುವ ಸ್ವಾತಂತ್ರ್ಯ ಇರಬೇಕೆಂದರು. ಪಾದ್ರಿಯಲ್ಲದ ಮೊದಲ ರೆಕ್ಟರ್ ಅವರು. 1920ರಿಂದ ಹೆಣ್ಣುಮಕ್ಕಳನ್ನು ಸೇರಿಸಿಕೊಂಡ ಈ ಸಂಸ್ಥೆಗೆ ಮೊದಲ ಮಹಿಳಾ ರೆಕ್ಟರ್, ಸೆವರಿನ್ ವರ್ಮೇರ್, ಆಯ್ಕೆಯಾದದ್ದು ಆರುನೂರನೆಯ ವರ್ಷವಾದ 2025ರಲ್ಲಿ.