ಕಡಲ ಗಾಳಿಯೂ ಹಾಸನವೂ

ಸಮುದ್ರತೀರದ ಜನರಿಗೆ ಬಿರುಗಾಳಿಯು ಹೊಸತಲ್ಲ. ಆದರೆ ಅಂತಹ ರಾತ್ರಿಯಲ್ಲಿ ಪ್ರಾಣಭಯದೊಡನೆ ಇನ್ನೊಂದು ಸಂಕಟವೂ ಅವರನ್ನು ಬಾಧಿಸುತ್ತದೆ. ಅದು ಇಷ್ಟಮಿತ್ರರ ಕ್ಷೇಮಸಮಾಚಾರವು ತಿಳಿಯದ ಸಂಕಟ. ಕಂಬಗಳುರುಳಿ ತಂತಿಗಳು ಹರಿದೊಡನೆ ನೆರೆಯೂರೂ ಪರದೇಶವಾಗುತ್ತದೆ. ಈ ಸಂಬಂಧವು ಕಡಿಯದಂತೆ ಕಾಯುವ ಕಾರ್ಯದಲ್ಲಿ, ಅಲೆಗಳ ಸದ್ದನ್ನೇ ಕೇಳದ ಹಾಸನಕ್ಕೂ ಒಂದು ಪಾಲುಂಟೆಂಬುದು ಸೋಜಿಗದ ಸಂಗತಿ.

ಈ ಸೀಮೆಗೆ ಕಡಲಿನ ಪರಿಚಯವಾದುದು ಮೋಡಗಳ ಮೂಲಕ. ಪಡುವಣ ಮೋಡಗಳು ಘಟ್ಟವನ್ನೇರಿ ಮಳೆಗರೆದರೆ ಹೊಳೆನರಸೀಪುರದಲ್ಲಿ ಹೇಮಾವತಿಯೂ, ಅರಕಲಗೂಡಿನ ರಾಮನಾಥಪುರದಲ್ಲಿ ಕಾವೇರಿಯೂ ತುಂಬಿ ಹರಿಯುವುವು. ಚನ್ನರಾಯಪಟ್ಟಣದ ರೈತನು ಮಾತ್ರ ಆಗಲೂ ಆಕಾಶವನ್ನೇ ನೋಡುತ್ತಿರುವನು. ಆ ಆಕಾಶದಲ್ಲಿಯೇ ಹಾಸನಕ್ಕೆ ಹೊಸದೊಂದು ಹೊಣೆಯು ಒದಗಿತು.

೧೯೭೭ನೆಯ ಇಸವಿ ನವೆಂಬರ್ ೧೯ರಂದು ಆಂಧ್ರದ ದಿವಿಸೀಮೆಯ ಮೇಲೆ ಚಂಡಮಾರುತವೆರಗಿ ಸುಮಾರು ೧೦,೦೦೦ ಮಂದಿ ಮಡಿದರು. ಕಡಲಂಚಿನ ಹಳ್ಳಿಗಳಲ್ಲಿ ಬಹುಮಂದಿಗೆ ಎಚ್ಚರಿಕೆಯ ಮಾತೇ ಮುಟ್ಟಿರಲಿಲ್ಲ. ಕೆಲವು ವರ್ಷಗಳಲ್ಲಿಯೇ, ೧೯೮೨ರಲ್ಲಿ, ಇನ್ಸಾಟ್ ಉಪಗ್ರಹಗಳ ಮುಖ್ಯ ನಿಯಂತ್ರಣ ಕೇಂದ್ರವು ಹಾಸನದಲ್ಲಿ ಸ್ಥಾಪಿತವಾಯಿತು. ದೂರವಾಣಿ, ಪ್ರಸಾರ, ಮೋಡಗಳ ಚಿತ್ರಗ್ರಹಣ, ಈ ಮೂರನ್ನೂ ಒಂದೇ ಉಪಗ್ರಹದಿಂದ ನಡೆಯಿಸುವುದು ಆ ಯೋಜನೆಯ ಉದ್ದೇಶ.

ಭೂಮಧ್ಯರೇಖೆಯ ಮೇಲೆ ಸುಮಾರು ೩೬,೦೦೦ ಕಿಲೋಮೀಟರು ಎತ್ತರದಲ್ಲಿರುವ ಇಂತಹ ಉಪಗ್ರಹವು ಭೂಮಿಯೊಡನೆ ಸಮವೇಗದಲ್ಲಿ ಸುತ್ತುವುದರಿಂದ ನಿಂತಲ್ಲಿಯೇ ನಿಂತಂತೆ ತೋರುತ್ತದೆ. ಆದರೆ ಸೂರ್ಯಚಂದ್ರರ ಸೆಳೆತವು ಅದನ್ನು ಪಕ್ಕಕ್ಕೆ ಜರುಗಿಸುತ್ತಲೇ ಇರುವುದು. ಹಾಸನದಿಂದ ಆಜ್ಞೆಯನ್ನು ಕಳುಹಿಸಿ, ಸಣ್ಣ ಜ್ವಾಲೆಗಳಿಂದ ಅದನ್ನು ಮರಳಿ ಸ್ವಸ್ಥಾನಕ್ಕೆ ತರಬೇಕು. ಆರಂಭವು ಸುಗಮವಾಗಲಿಲ್ಲ. ೧೯೮೨ರ ಏಪ್ರಿಲ್‌ನಲ್ಲಿ ಮೇಲೇರಿದ ಇನ್ಸಾಟ್-೧ಎ ಸೆಪ್ಟೆಂಬರ್‌ನಲ್ಲಿಯೇ ಇಂಧನ ತೀರಿ ನಿರುಪಯೋಗವಾಯಿತು. ೧೯೮೩ರ ಆಗಸ್ಟ್‌ನಲ್ಲಿ ಹೋದ ಇನ್ಸಾಟ್-೧ಬಿಯ ಸೂರ್ಯಫಲಕವು ಕೆಲವು ದಿನ ಬಿಚ್ಚಿಕೊಳ್ಳದೆ ಎಲ್ಲರನ್ನೂ ಕಳವಳಕ್ಕೀಡುಮಾಡಿತು. ಸಹನೆಯಿಂದ ನಡೆದ ಪ್ರಯತ್ನಗಳು ಕಡೆಗೆ ಫಲಿಸಿದುವು.

ಇದಾದ ಮೇಲೆ ತಮಿಳುನಾಡು ಆಂಧ್ರಗಳ ಕರಾವಳಿಯ ಹಳ್ಳಿಗಳಲ್ಲಿ ಉಪಗ್ರಹದಿಂದ ನೇರವಾಗಿ ಎಚ್ಚರಿಕೆಯನ್ನು ಪಡೆಯುವ ಯಂತ್ರಗಳನ್ನಿರಿಸಿದರು. ನೆಲದ ತಂತಿಗಳು ಹರಿದರೂ ಮೊದಲು ಕೂಗುಸದ್ದು, ಬಳಿಕ ಜನರ ನುಡಿಯಲ್ಲಿಯೇ ಸಂದೇಶ ಕೇಳಿಬರುತ್ತಿತ್ತು. ೧೯೯೦ರ ಮೇ ತಿಂಗಳಲ್ಲಿ ಆಂಧ್ರದ ಮೇಲೆ ಮತ್ತೊಂದು ಚಂಡಮಾರುತವು ಬಂದಾಗ ಲಕ್ಷಕ್ಕೂ ಮಿಕ್ಕ ಜನರು ಮುಂಚಿತವಾಗಿ ಮನೆಗಳನ್ನು ಬಿಟ್ಟು ಸುರಕ್ಷಿತ ಸ್ಥಳಗಳನ್ನು ಸೇರಿದರು. ಸತ್ತವರು ಸಾವಿರದೊಳಗೆ. ಅದೂ ದುಃಖವೇ, ಆದರೆ ದಿವಿಸೀಮೆಯ ದುಃಖಕ್ಕೂ ಇದಕ್ಕೂ ಇರುವ ಅಂತರವು ಅಲ್ಪವಲ್ಲ.

ಆದರೂ ದಡದಲ್ಲಿದ್ದವರಿಗೆ ದೊರೆತ ಈ ರಕ್ಷಣೆಯು ಕಡಲಿನೊಳಗಿದ್ದವರಿಗೆ ದೊರೆಯಲಿಲ್ಲ. ೨೦೧೭ರ ನವೆಂಬರ್ ಕೊನೆಯಲ್ಲಿ ಓಖಿ ಚಂಡಮಾರುತವು ಎದ್ದಾಗ ಕನ್ಯಾಕುಮಾರಿ, ಕೇರಳಗಳ ಅನೇಕ ಬೆಸ್ತರು ಅದಾಗಲೇ ದೂರಸಮುದ್ರವನ್ನು ಸೇರಿದ್ದರು. ನೂರಾರು ಮಂದಿ ಹಿಂದಿರುಗಲಿಲ್ಲ. ದೋಣಿಯಿಂದ ಉಪಗ್ರಹದ ಮೂಲಕ ಸಂಕಟದ ಕರೆಯನ್ನು ಕಳುಹಿಸುವ ಯಂತ್ರವು ೨೦೧೦ರಿಂದಲೇ ಬಳಕೆಯಲ್ಲಿತ್ತು. ಆದರೆ ಕರೆಯು ಮುಟ್ಟಿತೋ ಇಲ್ಲವೋ ಎಂಬುದು ಕರೆದವನಿಗೆ ತಿಳಿಯುತ್ತಿರಲಿಲ್ಲ. ೨೦೨೪ರಲ್ಲಿ ಪ್ರಕಟವಾದ ಅದರ ಎರಡನೆಯ ಪೀಳಿಗೆಯು ಆ ಕೊರತೆಯನ್ನು ನೀಗಿಸಿ, ದೋಣಿಯವನಿಗೆ ಮಾರುತ್ತರವನ್ನು ತಲಪಿಸುತ್ತದೆ.

ಬಿರುಗಾಳಿಯನ್ನು ತಡೆಯುವ ಶಕ್ತಿಯು ಯಾವ ಯಂತ್ರಕ್ಕೂ ಇಲ್ಲ. ಆದರೆ ಕತ್ತಲಲ್ಲಿ ಕೂಗಿದವನಿಗೆ "ಕೇಳಿತು" ಎಂಬ ಒಂದು ಉತ್ತರವು ಬಂದರೆ, ಬೆಳಗಿನವರೆಗೆ ಗಾಳಿಯೊಡನೆ ಹೋರಾಡುವ ಧೈರ್ಯವು ಅವನಿಗುಂಟಾಗುತ್ತದೆ.