ರಿಸರ್ವ್‌ನಲ್ಲಿ ಕಾರು ಓಡಿಸುವುದು

ಇಂಧನ ಮಾಪಕದ ಮುಳ್ಳು ಕೆಂಪು ಗೆರೆಗಿಳಿದು ಹಳದಿ ದೀಪ ಹೊತ್ತಿಕೊಂಡ ಮೇಲೆ ಟ್ಯಾಂಕ್‌ನಲ್ಲಿ ಉಳಿಯುವ ಇಂಧನವೇ ರಿಸರ್ವ್. ಸಣ್ಣ ಕಾರುಗಳಲ್ಲಿ ಇದು 5 ಲೀಟರ್ ಆಸುಪಾಸು. ‘ಇನ್ನೂ 50 ಕಿ.ಮೀ. ಹೋಗುತ್ತೆ’ ಎಂಬ ಧೈರ್ಯ ಹುಟ್ಟುವುದು ಇಲ್ಲಿಂದಲೇ.

ಟ್ಯಾಂಕ್ ತಳದ ಕಸ ಇಂಜಿನ್‌ಗೆ ಹೋಗುತ್ತದೆ ಎಂಬ ಭಯ ಸ್ವಲ್ಪ ಅತಿಯಾದದ್ದು. ಪಂಪ್ ಯಾವಾಗಲೂ ಇಂಧನ ಎಳೆಯುವುದು ತಳದಿಂದಲೇ. ಜಾಲರಿ, ಫಿಲ್ಟರ್ ಇರುವುದೂ ಅದಕ್ಕೇ. ನಿಜವಾದ ಪೆಟ್ಟು ಬೀಳುವುದು ಪಂಪ್‌ಗೆ. ಕಾರ್ಬ್ಯುರೇಟರ್ ಇದ್ದ ಹಳೆಯ ಮಾರುತಿ 800ರಲ್ಲಿ ಪಂಪ್ ಇಂಜಿನ್‌ಗೇ ಅಂಟಿಕೊಂಡಿತ್ತು. ಇಂಜೆಕ್ಷನ್ ಕಾರುಗಳಲ್ಲಿ ಅದು ಟ್ಯಾಂಕ್‌ನೊಳಗೆ ಮುಳುಗಿರುವ ವಿದ್ಯುತ್ ಮೋಟಾರು. ಅದರ ಮೂಲಕವೇ ಹರಿಯುವ ಪೆಟ್ರೋಲ್ ಅದನ್ನು ತಂಪಾಗಿಡುತ್ತದೆ, ಸವೆತವನ್ನೂ ತಡೆಯುತ್ತದೆ. ತಿರುವಿನಲ್ಲಿ, ಏರಿನಲ್ಲಿ ಅಳಿದುಳಿದ ಇಂಧನ ಒಂದು ಮೂಲೆಗೆ ಸರಿದಾಗ ಪಂಪ್ ಗಾಳಿ ಎಳೆಯುತ್ತದೆ, ಕಾಯುತ್ತದೆ. ಇಂಜಿನ್ ಮಿಸ್ ಆಗತೊಡಗಿದರೆ ಉರಿಯದ ಪೆಟ್ರೋಲ್ ಸೈಲೆನ್ಸರ್ ಕಡೆಗೆ ಹೋಗಿ ಕ್ಯಾಟಲಿಟಿಕ್ ಕನ್ವರ್ಟರ್ ಅನ್ನೂ ಸುಡಬಹುದು.

ಡೀಸೆಲ್ ಗಾಡಿಯ ಕಥೆ ಇನ್ನೂ ಕಷ್ಟದ್ದು. ಲೈನ್ ‘ಏರ್ ಎಳೆದುಕೊಂಡರೆ’ ಡೀಸೆಲ್ ಸುರಿದ ಮಾತ್ರಕ್ಕೆ ಸ್ಟಾರ್ಟ್ ಆಗದು. ಬಾನೆಟ್ ಎತ್ತಿ, ಫಿಲ್ಟರ್ ಬಳಿಯ ಕೈಪಂಪ್ ಗಟ್ಟಿಯಾಗುವವರೆಗೆ ಒತ್ತಿ ಗಾಳಿ ಹೊರಹಾಕಬೇಕು. ಕೆಲವು ಮಾದರಿಗಳಲ್ಲಿ ಮೆಕ್ಯಾನಿಕ್ ಬರಲೇಬೇಕು. ಕಾಮನ್ ರೈಲ್ ಇಂಜಿನ್‌ನ ಅಧಿಕ ಒತ್ತಡದ ಪಂಪ್‌ಗೆ ಡೀಸೆಲ್ಲೇ ಎಣ್ಣೆ. ಅದು ಒಣಗಿ ತಿರುಗಿದರೆ ಉದುರುವ ಲೋಹದ ಚೂರು ಇಂಜೆಕ್ಟರ್‌ವರೆಗೂ ಹೋಗುತ್ತದೆ. ಆ ರಿಪೇರಿಯ ಬಿಲ್ಲಿನಲ್ಲಿ ಎಷ್ಟೋ ಸಲ ಟ್ಯಾಂಕ್ ತುಂಬಿಸಬಹುದು.

ಡ್ಯಾಶ್‌ಬೋರ್ಡ್ ತೋರಿಸುವ ‘ಉಳಿದ ದೂರ’ ಇತ್ತೀಚಿನ ಮೈಲೇಜ್ ಆಧರಿಸಿದ ಅಂದಾಜು ಮಾತ್ರ. ಬಯಲಿನ ಹೆದ್ದಾರಿಯಲ್ಲಿ ಹಾಕಿದ ಆ ಲೆಕ್ಕ ಶಿರಾಡಿ, ಚಾರ್ಮಾಡಿಯ ಏರಿನಲ್ಲಿ ಸರಸರನೆ ಕರಗುತ್ತದೆ.

ಇಳಿಜಾರಿನಲ್ಲಿ ಇಂಜಿನ್ ನಿಂತರೆ ಸ್ಟಿಯರಿಂಗ್ ಕಲ್ಲಾಗುತ್ತದೆ. ಎರಡು ಮೂರು ಸಲ ತುಳಿದ ಮೇಲೆ ಬ್ರೇಕ್ ಪೆಡಲ್ ಕೂಡ.

ಎಲ್ಲಿ ನಿಲ್ಲುತ್ತದೆ ಎಂಬುದೂ ಮುಖ್ಯ. ಜರ್ಮನಿಯ ಆಟೋಬಾನ್‌ಗಳಲ್ಲಿ ವಾಹನ ನಿಲ್ಲಿಸುವುದೇ ನಿಷಿದ್ಧ. ಇಂಧನ ಮುಗಿದು ನಿಂತವರಿಗೂ, ಅದು ತಪ್ಪಿಸಬಹುದಾಗಿದ್ದ ನಿಲುಗಡೆಯೆಂದು, ದಂಡ ಬೀಳುತ್ತದೆ. ಬಂಡೀಪುರದ ಕಾಡಿನ ದಾರಿಯಲ್ಲೂ ಗಾಡಿ ನಿಲ್ಲಿಸುವಂತಿಲ್ಲ. ಅಲ್ಲಿ ರಾಷ್ಟ್ರೀಯ ಹೆದ್ದಾರಿ 766ರಲ್ಲಿ ರಾತ್ರಿ 9ರಿಂದ ಬೆಳಗ್ಗೆ 6ರವರೆಗೆ ಸಾಮಾನ್ಯ ವಾಹನಗಳಿಗೆ ಪ್ರವೇಶವೂ ಇಲ್ಲ. ಮೈಸೂರಿನಿಂದ ವಯನಾಡಿನತ್ತ ಹೊರಟವರು ಗುಂಡ್ಲುಪೇಟೆಯ ಬಂಕ್‌ನಲ್ಲೇ ಟ್ಯಾಂಕ್ ನೋಡಿಕೊಳ್ಳುವುದು ಲೇಸು.