ರಂಜಕ: ಮನೆಯದು, ಅಂಗಡಿಯದು

ರಂಜಕ ಎಂಬ ಮಾತಿಗೆ ನಮ್ಮ ಕಡೆ ಒಂದೇ ಅರ್ಥ: ಹಣ್ಣಾದ ಕೆಂಪು ಮೆಣಸಿನಕಾಯಿಗೆ ಉಪ್ಪು, ಬೆಳ್ಳುಳ್ಳಿ, ಲಿಂಬಿಹುಳಿ ಕೂಡಿಸಿ ರುಬ್ಬಿದ ಖಾರ. ಕೆಲವರು ಅದನ್ನು ಕೆಂಪಿಂಡಿ ಎನ್ನುತ್ತಾರೆ. ಆದರೆ 1857ರಲ್ಲಿ ಅಚ್ಚಾದ ಮೋಲ್ಸ್‌ವರ್ತ್ ಸಾಹೇಬರ ಮರಾಠಿ ನಿಘಂಟನ್ನು ತೆರೆದರೆ, ರಂಜಕವೆಂದರೆ ಬಂದೂಕಿನ ಕಿವಿಗೆ ಹಾಕಿ ಕಿಡಿ ತಾಗಿಸುವ ಮದ್ದು. ಸಂಸ್ಕೃತದಲ್ಲಿಯಾದರೋ ಬಣ್ಣ ಕೊಡುವುದು, ಸಂತೋಷಪಡಿಸುವುದು ರಂಜಕ. ತಟ್ಟೆಯಂಚಿನ ಖಾರಕ್ಕೆ ಹೆಸರು ಯಾವುದರಿಂದ ಬಂತೆಂದು ಪಂಡಿತರು ಜಗಳಾಡಲಿ. ಒಂದು ಚಿಟಿಕೆ ನಾಲಿಗೆಗೆ ಇಟ್ಟುಕೊಂಡವರಿಗೆ ಮೂರೂ ಅರ್ಥ ಒಮ್ಮೆಲೇ ಆಗುತ್ತವೆ.

ಈಗ ಬೈಲಹೊಂಗಲದಲ್ಲಿ ನಾವು ನಾಲ್ಕು ಜನ ಹೆಂಗಸರು ಕೂಡಿದೆವೆಂದರೆ ಒಂದು ವಾದ ಏಳುತ್ತದೆ. ರಂಜಕವನ್ನು ಮನೆಯಲ್ಲೇ ಮಾಡಬೇಕೋ, ಅಂಗಡಿಯ ಬಾಟಲಿ ತಂದು ತಿದ್ದಿಕೊಂಡರೆ ಸಾಕೋ? ನಮ್ಮ ನೆರೆಯಾಕೆಯದು ನೇರ ಮಾತು. "ಅಕ್ಕಾರ, ದುಡದು ಬಂದು ಒಳ್ಳಾಗ ರುಬ್ಬಕೋತ ಕುಂತ್ರ ರಾತ್ರಿ ಆಗ್ತೈತ್ರಿ. ಬಾಟ್ಲಿ ತಂದು ನಾಕು ಎಸಳು ಬಳ್ಳೊಳ್ಳಿ ಜಜ್ಜಿ ಹಾಕಿದ್ರ ಯಾರಿಗೆ ಗೊತ್ತಾಗ್ತೈತಿ?" ನಮ್ಮ ಅತ್ತೆಯವರದು ಅಷ್ಟೇ ಖಡಾಖಂಡಿತ. "ಅಂಗಡಿ ಖಾರಕ್ಕ ಮನಿ ಬಳ್ಳೊಳ್ಳಿ ಹಾಕಿದ್ರ ಅದು ಮನೀದು ಆಗೂದಿಲ್ಲವಾ."

ಚರಿತ್ರೆ ಕಲಿಸುವವಳಾದ ನನಗೆ ಈ 'ಮನೀದು' ಎಂಬ ಮಾತೇ ಸೋಜಿಗ. ಏಕೆಂದರೆ ಮೆಣಸಿನಕಾಯಿ ನಮ್ಮ ಮನೆಯದಲ್ಲ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು 12ನೆಯ ಶತಮಾನದಲ್ಲಿ ಬರೆದ 'ಮಾನಸೋಲ್ಲಾಸ'ದಲ್ಲಿ ಮಾಂಸದ ತುಂಡುಗಳನ್ನು ಕಡ್ಡಿಗೆ ಚುಚ್ಚಿ ಕೆಂಡದ ಮೇಲೆ ಸುಡುವ ಬಗೆಯುಂಟು. ಹುಳಿ, ಇಂಗು, ಕರಿಮೆಣಸು ಉಂಟು. ಮೆಣಸಿನಕಾಯಿ ಇಲ್ಲ. 16ನೆಯ ಶತಮಾನದ ಆರಂಭದ ಮೂರನೆಯ ಮಂಗರಸನ 'ಸೂಪಶಾಸ್ತ್ರ'ದಲ್ಲಿಯೂ ಇಲ್ಲ. ಅಮೆರಿಕಾ ಖಂಡದ ಈ ಕಾಯಿಯನ್ನು ಪೋರ್ತುಗೀಜರು ಕಡಲು ದಾಟಿಸಿ ತಂದರು. ಅವರು ಗೋವೆಯನ್ನು ಹಿಡಿದದ್ದು 1510ರಲ್ಲಿ. ಗೋವೆ ನಮಗೆ ಘಟ್ಟದ ಕೆಳಗಿನ ನೆರೆಮನೆ. ಹೊಸ ಕಾಯಿಗೆ ನಮ್ಮವರು ಹೊಸ ಹೆಸರು ಹುಡುಕಲಿಲ್ಲ. ಮೆಣಸಿನಂತೆ ಉರಿಯುವ ಕಾಯಿ, ಆದ್ದರಿಂದ ಮೆಣಸಿನಕಾಯಿ. ಮುಂದೆ ಬ್ಯಾಡಗಿಯ ಪೇಟೆ ಬೆಳೆಯಿತು. ಖಾರ ಕಡಿಮೆ, ಬಣ್ಣ ಹೆಚ್ಚು, ಮೈಯೆಲ್ಲ ಸುಕ್ಕು ಇರುವ ಆ ಕಾಯಿಗೆ 2011ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆಯೂ ದೊರೆಯಿತು. ಹೊರಗಿನದನ್ನು ತಂದು ತಿದ್ದಿ ನಮ್ಮದು ಮಾಡಿಕೊಂಡದ್ದೇ ಖಾರದ ಚರಿತ್ರೆ.

ಹಾಗೆಂದು ಅತ್ತೆಯವರ ಪಕ್ಷವನ್ನು ತಳ್ಳಿಹಾಕುವಂತಿಲ್ಲ. ಮನೆಯ ರಂಜಕಕ್ಕೆ ಅದರದೇ ಕಾಲವುಂಟು, ಕ್ರಮವುಂಟು. ಹಸಿ ಕೆಂಪು ಕಾಯಿ ಸಂತೆಗೆ ಬರುವುದು ಚಳಿಗಾಲದಲ್ಲಿ. ತೊಟ್ಟು ಮುರಿಯುವ ಮೊದಲೇ ತೊಳೆಯಬೇಕು, ಇಲ್ಲವಾದರೆ ಒಳಗೆ ನೀರು ಸೇರುತ್ತದೆ. ಅರಿವೆಯಲ್ಲಿ ಒರೆಸಿ ನೆರಳಿಗೆ ಹರವಬೇಕು. ಆಮೇಲೆ ಉಪ್ಪು, ಬೆಳ್ಳುಳ್ಳಿ, ಹುರಿದ ಮೆಂತ್ಯದ ಪುಡಿ, ತುಸು ಬೆಲ್ಲ ಹಾಕಿ ಒರಳಲ್ಲಿ ರುಬ್ಬಿ, ಲಿಂಬೆರಸ ಹಿಂಡಿ ಭರಣಿಗೆ ತುಂಬಬೇಕು. ಉಪ್ಪು ಮತ್ತು ಹುಳಿಯೇ ಅದನ್ನು ಕಾಯುತ್ತವೆ. ಅದೇ ಹೊತ್ತಿಗೆ ಭಾರತ ಹುಣ್ಣಿಮೆ ಬರುತ್ತದೆ. ಸವದತ್ತಿಯ ಎಲ್ಲಮ್ಮನ ಗುಡ್ಡಕ್ಕೆ ಚಕ್ಕಡಿ ಕಟ್ಟಿಕೊಂಡು ಹೋಗುತ್ತಿದ್ದ ಕಾಲದಲ್ಲಿ ಖಟಕ್ ರೊಟ್ಟಿ, ಶೇಂಗಾ ಚಟ್ನಿ, ರಂಜಕ ಇವೇ ಬುತ್ತಿ. ಮೂರು ದಿನವಾದರೂ ಕೆಡದ ಊಟ.

ಆದರೆ ಆ ರುಚಿಯನ್ನು ಹೊಗಳುವ ಗಂಡಸರು ರುಬ್ಬಿದ ಕೈಯನ್ನು ನೋಡಿದ್ದು ಕಡಿಮೆ. ಮೆಣಸಿನಕಾಯಿಯ ಉರಿ ನೀರಿನಲ್ಲಿ ಕರಗುವುದಿಲ್ಲ, ಎಣ್ಣೆಯಲ್ಲಿ ಕರಗುತ್ತದೆ. ಅದಕ್ಕೇ ಕೊಬ್ಬರಿ ಎಣ್ಣೆ ಸವರಿಕೊಂಡು ರುಬ್ಬಲು ಕೂಡ್ರುತ್ತಿದ್ದರು. ಆದರೂ ಎರಡು ದಿನ ಕೈ ಉರಿ. ಹಾಲು ಕುಡಿಯುವ ಕೂಸಿದ್ದ ಸೊಸೆ ಆ ಕೈಯಿಂದ ಕೂಸನ್ನು ಮುಟ್ಟುವಂತಿರಲಿಲ್ಲ. ಕೆಲಸಕ್ಕೆ ಹೋಗುವ ಹೆಣ್ಣುಮಗಳು ಬಾಟಲಿ ಕೊಂಡಳೆಂದರೆ ಅದು ಮೈಗಳ್ಳತನವಲ್ಲ. ತಲೆಮಾರುಗಳ ಉರಿಗೆ ಅವಳು ಕಂಡುಕೊಂಡ ಬಿಡುವು.

ತಿದ್ದುವುದಕ್ಕೂ ವಿದ್ಯೆ ಬೇಕು. ಕಂಪನಿಯ ಬಾಟಲಿಯಲ್ಲಿ ಸಾಮಾನ್ಯವಾಗಿ ಸಕ್ಕರೆ ಮತ್ತು ವಿನೆಗರ್ ಮುಂದು. ಎಣ್ಣೆ ಕಾಯಿಸಿ ಸಾಸಿವೆ, ಇಂಗು, ಜಜ್ಜಿದ ಬೆಳ್ಳುಳ್ಳಿಯ ಒಗ್ಗರಣೆ ಕೊಟ್ಟು, ಆರಿದ ಮೇಲೆ ಮೆಂತ್ಯದ ಪುಡಿ ಮತ್ತು ಲಿಂಬೆರಸ ಬೆರೆಸಿದರೆ ಆ ಸಿಹಿ ತಗ್ಗುತ್ತದೆ. ಆದರೆ ಒಗ್ಗರಣೆಯಿಂದ ರುಚಿಯನ್ನು ತಿದ್ದಬಹುದೇ ಹೊರತು ಕಲಬೆರಕೆಯನ್ನಲ್ಲ. 2005ರಲ್ಲಿ ಬ್ರಿಟನ್ನಿನಲ್ಲಿ ಒಂದು ಸಾಸಿನಲ್ಲಿ ಸುಡಾನ್ ಎಂಬ ಬಣ್ಣ ಕಂಡುಬಂತು. ಅರಿವೆಗೆ, ಮೇಣಕ್ಕೆ ಹಾಕುವ ಬಣ್ಣ ಅದು. ಭಾರತದಿಂದ ಹೋದ ಮೆಣಸಿನ ಪುಡಿಯ ಮೂಲಕ ಸೇರಿತ್ತು. ಆ ಸಾಸು ಬಳಸಿದ್ದ ನಾಲ್ಕು ನೂರಕ್ಕೂ ಹೆಚ್ಚು ಬಗೆಯ ತಿನಿಸುಗಳನ್ನು ಅಂಗಡಿಗಳಿಂದ ಹಿಂದಕ್ಕೆ ಪಡೆಯಬೇಕಾಯಿತು. ಆದ್ದರಿಂದ ಕೊಳ್ಳುವ ಮೊದಲು ಚೀಟಿ ಓದಬೇಕು. ಪದಾರ್ಥಗಳನ್ನು ತೂಕದ ಇಳಿಕೆಯ ಕ್ರಮದಲ್ಲಿ ಬರೆಯಬೇಕೆಂಬುದು ಕಾಯಿದೆ. ಮೊದಲ ಹೆಸರು ನೀರೋ ಸಕ್ಕರೆಯೋ ಆಗಿದ್ದರೆ ಅದನ್ನು ರಂಜಕವೆನ್ನುವುದು ಹೇಗೆ?

ಈ ಎರಡರ ನಡುವೆ ಮೂರನೆಯ ದಾರಿಯೊಂದಿದೆ. ನಮ್ಮ ಊರುಗಳಲ್ಲಿ ಗಂಡನನ್ನು ಕಳೆದುಕೊಂಡ ಎಷ್ಟೋ ಹೆಣ್ಣುಮಕ್ಕಳು ಪರರ ಮನೆಯ ಖಾರ ಕುಟ್ಟಿ, ರೊಟ್ಟಿ ಬಡಿದು ಮಕ್ಕಳನ್ನು ಓದಿಸಿದ್ದಾರೆ. 2000-01ರಲ್ಲಿ ಸ್ತ್ರೀಶಕ್ತಿ ಯೋಜನೆ ಬಂದ ಮೇಲೆ ಇಂಥವರಲ್ಲಿ ಕೆಲವರು ಸಂಘ ಕಟ್ಟಿಕೊಂಡು ರೊಟ್ಟಿ, ಚಟ್ನಿಪುಡಿ, ಖಾರ ಮಾರತೊಡಗಿದರು. ಅವರ ಬಾಟಲಿ ಅಂಗಡಿಯದೋ ಮನೆಯದೋ? ಅವರ ಮನೆಯದು, ನಮಗೆ ಅಂಗಡಿಯದು. ಮಾಘದಲ್ಲಿ ನಾನು ಒಂದು ಭರಣಿ ರಂಜಕ ಮಾಡುತ್ತೇನೆ. ಶ್ರಾವಣದ ಹೊತ್ತಿಗೆ ಅದು ತಳ ಕಂಡಾಗ ಸಂಘದವರ ಬಾಟಲಿ ತಂದು ಒಗ್ಗರಣೆ ಕೊಡುತ್ತೇನೆ. ಅತ್ತೆಯವರು ಅದನ್ನು ರೊಟ್ಟಿಗೆ ಹಚ್ಚಿಕೊಂಡು, "ಇದನ್ನ ಯಾರೋ ಕೈಲೆ ರುಬ್ಬ್ಯಾರ" ಎನ್ನುತ್ತಾರೆ. ಅವರ ಬಾಯಿಂದ ಅದಕ್ಕಿಂತ ದೊಡ್ಡ ಹೊಗಳಿಕೆ ಬಾರದು.

ನನಗೆ ನೋವಾಗುವುದು ಬೇರೊಂದಕ್ಕೆ. ಕಂಪನಿಯ ಬಾಟಲಿಗೆ ಅಚ್ಚಾದ ಬೆಲೆಯನ್ನು ಸುಮ್ಮನೆ ಕೊಟ್ಟು ಬರುವ ನಾವು, ಸಂತೆಯಲ್ಲಿ ಕುಂತ ಆ ಹೆಣ್ಣುಮಗಳ ಮುಂದೆ ಮಾತ್ರ ಹತ್ತು ರೂಪಾಯಿ ಬಿಡು ಎಂದು ಚೌಕಾಸಿಗೆ ನಿಲ್ಲುತ್ತೇವೆ. ಆಕೆಯ ಬೆಲೆಯಲ್ಲಿ ಮೆಣಸಿನಕಾಯಿಯ ದರದ ಜೊತೆಗೆ ಎರಡು ದಿನದ ಕೈಯುರಿಯೂ ಸೇರಿರುತ್ತದೆ.